ನಿಮ್ಮ ಗಡಿಯಾರ ನಮಗೂ ಕಾಣೋ ಹಾಗೆ ಇಡಿ: ಆನ್‌ಲೈನ್ ಬುಕಿಂಗ್, ರಿಜಿಸ್ಟ್ರೇಷನ್ ನಡೆಸೋ ಎಲ್ಲರಿಗೂ ಒಂದು ಬಹಿರಂಗ ಪತ್ರ

ನಮಸ್ಕಾರ.

ಇಷ್ಟು ಗಂಟೆಗೆ ಸರಿಯಾಗಿ ಅಂತ ಹೇಳಿ ಟಿಕೆಟ್ ಬಿಡೋರು, ಸೀಟು ಹಂಚೋರು, ಪರೀಕ್ಷೆಗೆ ಸ್ಲಾಟ್ ಕೊಡೋರು, ಸೇಲ್ ಓಪನ್ ಮಾಡೋರು, ಕೊನೇ ದಿನ ಅಂತ ಹಾಕಿ ಅರ್ಜಿ ತಗೊಳ್ಳೋರು, ಈ ಪತ್ರ ನಿಮ್ಮೆಲ್ಲರಿಗೂ. ಯಾರ ಹೆಸರನ್ನೂ ಹಿಡಿದು ಬರೀತಿಲ್ಲ, ಯಾಕಂದ್ರೆ ಈ ತೊಂದರೆ ಒಂದು ವೆಬ್‌ಸೈಟಿಂದಲ್ಲ, ಹೆಚ್ಚುಕಮ್ಮಿ ಎಲ್ಲಾ ಕಡೆ ಇದೆ.

ನಮ್ಮನೇಲಿ ಯಾರದೇ ಫಾರಂ ತುಂಬೋದಿದ್ರೂ ನಾನೇ ಕೂತ್ಕೋಬೇಕು. ಅಪ್ಪ ಅಮ್ಮಂದು, ತಂಗೀದು, ಚಿಕ್ಕಪ್ಪನ ಮಕ್ಕಳದು, ಹೀಗೆ ವರ್ಷಗಳಿಂದ ಮಾಡ್ಕೊಂಡು ಬಂದಿದ್ದೀನಿ. ಹಾಗಾಗಿ ನನ್ನ ತಂಗಿ ಒಂದು ಕೋರ್ಸಿಗೆ ರಿಜಿಸ್ಟರ್ ಮಾಡ್ಬೇಕು, ಸೀಟು ಕಮ್ಮಿ ಇದೆ, ಬೆಳಿಗ್ಗೆ 10 ಗಂಟೆಗೆ ಓಪನ್ ಆಗುತ್ತೆ ಅಂದಾಗ ಅರ್ಧ ಗಂಟೆ ಮುಂಚೆನೇ ಲ್ಯಾಪ್‌ಟಾಪ್ ತೆಗೆದು ಕೂತೆ. ಲಾಗಿನ್ ಆಗಿದ್ವಿ, ಫೋಟೋ, ಸಹಿ, ಮಾರ್ಕ್ಸ್ ಕಾರ್ಡ್ ಎಲ್ಲಾ ಅವರು ಹೇಳಿದ ಸೈಜಿಗೆ ಮಾಡಿಟ್ಟಿದ್ವಿ. ಪೇಜಲ್ಲಿ ದೊಡ್ಡದಾಗಿ ಕೌಂಟ್‌ಡೌನ್ ಓಡ್ತಿತ್ತು, ಕೆಳಗೆ ರಿಜಿಸ್ಟರ್ ಅನ್ನೋ ಬಟನ್ನು, ಒತ್ತೋಕಾಗದ ಹಾಗೆ ಮಸುಕಾಗಿ.

ತಂಗಿ ಪಕ್ಕದಲ್ಲಿ ಫೋನ್ ಹಿಡ್ಕೊಂಡು ಕೂತಿದ್ಲು. "ಅಣ್ಣಾ, ಫೋನಲ್ಲಿ ಹತ್ತಾಯ್ತು" ಅಂದ್ಲು. ನಾನು ಸ್ಕ್ರೀನ್ ನೋಡಿದೆ, ಇನ್ನೂ 40 ಸೆಕೆಂಡ್ ಚಿಲ್ಲರೆ ಬಾಕಿ ಇತ್ತು. "ಫೋನಿಂದು ಬಿಡೇ, ವೆಬ್‌ಸೈಟೇ ತೋರಿಸ್ತಿದೆಯಲ್ಲ, ಇದೇ ಸರಿ ಇರುತ್ತೆ" ಅಂದೆ. ಅವಳು ಸುಮ್ಮನಾದ್ಲು. ಮೂರು, ಎರಡು, ಒಂದು, ಬಟನ್ ಬಣ್ಣ ಬದಲಾಯ್ತು, ಒತ್ತಿದೆ, ಒಂದು ಚಕ್ರ ತಿರುಗಿ "ಎಲ್ಲಾ ಸೀಟುಗಳು ಭರ್ತಿಯಾಗಿವೆ" ಅಂತ ಬಂತು. ಬಟನ್ ತೆರೆದ ಮೊದಲ ಸೆಕೆಂಡಿಗೇ ಭರ್ತಿ! ನಾವಿಬ್ರೂ ಮುಖ ಮುಖ ನೋಡ್ಕೊಂಡ್ವಿ.

ಸಂಜೆ ಕೂತು ಪತ್ತೆ ಹಚ್ಚಿದೆ. ಟೈಮ್ ಡಾಟ್ ಈಸ್ ಅಂತ ಒಂದು ವೆಬ್‌ಸೈಟ್ ಇದೆ, ಓಪನ್ ಮಾಡಿದ ತಕ್ಷಣ ನಿಮ್ಮ ಗಡಿಯಾರ ಎಷ್ಟು ಮುಂದಿದೆ ಎಷ್ಟು ಹಿಂದಿದೆ ಅಂತ ಹೇಳುತ್ತೆ. ನನ್ನ ಲ್ಯಾಪ್‌ಟಾಪ್ 43 ಸೆಕೆಂಡ್ ಹಿಂದಿತ್ತು. ತಾನಾಗೇ ಟೈಮ್ ಸರಿಮಾಡ್ಕೊಳ್ಳೋ ಸೆಟ್ಟಿಂಗ್ ಯಾವಾಗಲೋ ಆಫ್ ಆಗಿತ್ತು. ಮತ್ತೆ ಆ ಪೇಜಲ್ಲಿದ್ದ ಕೌಂಟ್‌ಡೌನು ವೆಬ್‌ಸೈಟಿನ ಟೈಮ್ ನೋಡಿ ಓಡ್ತಾನೇ ಇರ್ಲಿಲ್ಲ, ನನ್ನ ಲ್ಯಾಪ್‌ಟಾಪಿನ ಟೈಮನ್ನೇ ತಗೊಂಡು ನನಗೇ ತಿರುಗಿಸಿ ತೋರಿಸ್ತಿತ್ತು. ಬಟನ್ ತೆರೆಯೋದೂ ಅದೇ ಲೆಕ್ಕದಲ್ಲಿ. ಅಂದ್ರೆ ಆ ಕಡೆ ಬಾಗಿಲು ತೆಗೆದು 43 ಸೆಕೆಂಡ್ ಆಗಿತ್ತು, ನಾವು ಈ ಕಡೆ ಮುಚ್ಚಿದ ಬಾಗಿಲ ಚಿತ್ರ ನೋಡ್ಕೊಂಡು ಕೂತಿದ್ವಿ.

ಅವರಿಗೆ ಮೇಲ್ ಬರೆದೆ. "ನಮ್ಮ ಸರ್ವರ್ ಸಮಯವೇ ಅಂತಿಮ" ಅಂತ (ಸರ್ವರ್ ಅಂದ್ರೆ ಅವರ ವೆಬ್‌ಸೈಟ್ ಓಡಿಸೋ ಕಂಪ್ಯೂಟರ್) ಉತ್ತರ ಬಂತು. ಅದನ್ನ ನಾನೂ ಒಪ್ತೀನಿ, ಲಕ್ಷಾಂತರ ಜನಕ್ಕೆ ಲಕ್ಷಾಂತರ ಗಡಿಯಾರ ಇರೋವಾಗ ಯಾವುದೋ ಒಂದನ್ನ ಅಂತಿಮ ಅನ್ನಲೇಬೇಕು. ನನ್ನ ಪ್ರಶ್ನೆ ಒಂದೇ. ಆ ಅಂತಿಮ ಸಮಯವನ್ನ ನೀವು ನಮಗೆ ಎಲ್ಲಿ ತೋರಿಸಿದ್ರಿ? ಪರೀಕ್ಷಾ ಹಾಲಲ್ಲಿ ಗೋಡೆ ಗಡಿಯಾರವೇ ಅಂತಿಮ ಅಂತಾರೆ, ಆ ಗಡಿಯಾರ ಗೋಡೆ ಮೇಲೆ ಎಲ್ಲರಿಗೂ ಕಾಣೋ ಹಾಗೆ ತೂಗು ಹಾಕಿರ್ತಾರೆ. ನಿಮ್ಮದು ಮಾತ್ರ ಒಳಗಿನ ರೂಮಲ್ಲಿ ಬೀಗ ಹಾಕಿಟ್ಟ ಗಡಿಯಾರ.

"ನಿಮ್ಮ ಕಂಪ್ಯೂಟರ್ ಟೈಮ್ ಸರಿ ಇಟ್ಕೊಳ್ಳೋದು ನಿಮ್ಮ ಜವಾಬ್ದಾರಿ" ಅಂತ ಕೆಲವರು ಹೇಳ್ತಾರೆ. ಸರಿ, ಆದ್ರೆ ಎಷ್ಟು ಜನಕ್ಕೆ ಇದು ಗೊತ್ತಿದೆ? ಕಂಪ್ಯೂಟರ್, ಫೋನ್ ಒಳಗಿರೋದು ಒಂದು ಸಣ್ಣ ಕ್ವಾರ್ಟ್ಜ್ ಹರಳು, ಸೆಕೆಂಡಿಗೆ 32,768 ಸಲ ಮಿಡಿಯೋ ಹಾಗೆ ಕತ್ತರಿಸಿರ್ತಾರೆ, ಬಿಸಿ ಜಾಸ್ತಿ ಆದ್ರೆ, ಹಳೇದಾದ್ರೆ ಆ ಮಿಡಿತ ಚೂರು ಆಚೀಚೆ ಆಗುತ್ತೆ. ಸಾಮಾನ್ಯ ಹರಳಲ್ಲಿ 10 ಲಕ್ಷಕ್ಕೆ 20 ಪಾಲು ವ್ಯತ್ಯಾಸ ಅನ್ನೋದು ಏನೂ ದೊಡ್ಡದಲ್ಲ, ಆದ್ರೆ ದಿನಕ್ಕೆ 86,400 ಸೆಕೆಂಡ್ ಇರೋದ್ರಿಂದ ಅದೇ ದಿನಕ್ಕೆ 1.7 ಸೆಕೆಂಡ್ ಆಯ್ತು. ತಿಂಗಳು ಯಾರೂ ಸರಿಮಾಡದೆ ಬಿಟ್ರೆ 50 ಸೆಕೆಂಡ್! ಹಳೇ ವಿಂಡೋಸ್ ಮಶೀನುಗಳು ಮನೇಲಿ ಬಳಸೋವಾಗ ವಾರಕ್ಕೊಂದು ಸಲ ಮಾತ್ರ ಇಂಟರ್ನೆಟ್ಟಿಂದ ಟೈಮ್ ಕೇಳ್ತಿದ್ವು. ಮದರ್‌ಬೋರ್ಡಲ್ಲಿರೋ ಬಿಲ್ಲೆ ಸೆಲ್ ಮುಗಿದಿದ್ರಂತೂ ಮಶೀನ್ ಆಫ್ ಮಾಡಿದಾಗ್ಲೆಲ್ಲ ಟೈಮ್ ಎಲ್ಲೋ ಹೋಗಿರುತ್ತೆ. ಫೋನು ಟವರಿಂದ ಟೈಮ್ ತಗೊಳ್ಳುತ್ತೆ, ಪರವಾಗಿಲ್ಲ ಅಂದ್ಕೊಳ್ತೀವಿ, ಆದ್ರೆ ಟವರ್ ಕಳಿಸೋ ಟೈಮ್ ಸೆಕೆಂಡ್ ಲೆಕ್ಕಕ್ಕೆ ಕರಾರುವಾಕ್ಕಾಗಿರಲೇಬೇಕು ಅಂತೇನೂ ಇಲ್ಲ.

ಗಡಿಯಾರ ದಿನಗಟ್ಟಲೆ, ತಿಂಗಳುಗಟ್ಟಲೆ ತಪ್ಪಿದ್ರೆ ಬ್ರೌಸರ್ರೇ ಕೂಗಾಡುತ್ತೆ, ಸೈಟಿನ ಸೆಕ್ಯುರಿಟಿ ಸರ್ಟಿಫಿಕೇಟಿನ ತಾರೀಖು ಹೊಂದಲ್ಲ, ನಿಮ್ಮ ಗಡಿಯಾರ ಹಿಂದಿದೆ ಅಂತ ಪೇಜನ್ನೇ ತೆರೆಯಲ್ಲ. 43 ಸೆಕೆಂಡ್ ತಪ್ಪಿದ್ರೆ ಯಾರೂ ಏನೂ ಹೇಳಲ್ಲ. ಎಲ್ಲಾ ಸರಿ ಇರೋ ಹಾಗೇ ಕಾಣುತ್ತೆ.

ಇನ್ನು ಸರಿಯಾದ ಟೈಮ್ ಅಂದ್ರೆ ಯಾವುದು, ಅದೇನು ಸಿಗದೇ ಇರೋ ವಸ್ತುನಾ? 1967ರಿಂದ ಒಂದು ಸೆಕೆಂಡ್ ಅಂದ್ರೆ ಸೀಸಿಯಂ 133 ಪರಮಾಣುವಿನ 919,26,31,770 ಕಂಪನ ಅಂತ ಜಗತ್ತೇ ಒಪ್ಪಿಕೊಂಡಿದೆ. ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳ ಪರಮಾಣು ಗಡಿಯಾರಗಳನ್ನ ಸೇರಿಸಿ ಯುಟಿಸಿ ಅನ್ನೋ ಒಂದೇ ಸಮಯ ಮಾಡ್ತಾರೆ. ಭೂಮಿ ತಿರುಗೋದಕ್ಕೂ ಅದಕ್ಕೂ ಹೊಂದಿಸೋಕೆ ಅಂತ 1972ರಿಂದ 2016ರವರೆಗೆ 27 ಸಲ ಒಂದೊಂದು ಸೆಕೆಂಡ್ ಸೇರಿಸಿದ್ದಾರೆ, ಈ ಸೇರಿಸೋ ಪದ್ಧತಿಯನ್ನ 2035ರ ಒಳಗೆ ನಿಲ್ಲಿಸೋಣ ಅಂತ 2022ರಲ್ಲಿ ಹಲವು ದೇಶಗಳು ಕೂತು ತೀರ್ಮಾನ ಮಾಡಿದ್ವು. ಒಂದೇ ಒಂದು ಸೆಕೆಂಡಿಗೆ ಇಷ್ಟು ವರ್ಷ ಚರ್ಚೆ ಮಾಡಿದ್ದಾರೆ ಅಂದ್ರೆ ನೋಡಿ.

ಆ ಟೈಮನ್ನ ಪ್ರತಿ ಕಂಪ್ಯೂಟರಿಗೂ ಮುಟ್ಟಿಸೋ ದಾರೀನೂ ಹೊಸದೇನಲ್ಲ. ಡೇವಿಡ್ ಮಿಲ್ಸ್ ಅನ್ನೋ ವಿಜ್ಞಾನಿ ಮಾಡಿದ ಎನ್‌ಟಿಪಿ (ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್) 1985ರಿಂದ ಇದೆ. ಅದು ಕೆಲಸ ಮಾಡೋ ರೀತಿ ನನಗೆ ತುಂಬಾ ಇಷ್ಟ ಆಯ್ತು, ಅದಕ್ಕೇ ಹೇಳ್ತೀನಿ. ನಮ್ಮ ಮಶೀನು "ಟೈಮೆಷ್ಟು" ಅಂತ ಕೇಳುತ್ತೆ, ಕೇಳಿದ ಕ್ಷಣ ಬರೆದಿಟ್ಕೊಳ್ಳುತ್ತೆ. ಆ ಕಡೆ ಟೈಮ್ ಸರ್ವರ್ರು ಪ್ರಶ್ನೆ ಬಂದ ಕ್ಷಣ, ಉತ್ತರ ಕಳಿಸಿದ ಕ್ಷಣ ಎರಡನ್ನೂ ಬರೆದು ಕಳಿಸುತ್ತೆ. ಉತ್ತರ ಕೈಗೆ ಬಂದ ಕ್ಷಣವನ್ನ ನಮ್ಮ ಮಶೀನ್ ಮತ್ತೆ ಬರ್ಕೊಳ್ಳುತ್ತೆ. ಈ ನಾಲ್ಕು ಟೈಮ್ ಇಟ್ಕೊಂಡು ದಾರಿಯಲ್ಲಿ ಎಷ್ಟು ಹೊತ್ತು ಹೋಯ್ತು ಅಂತ ಲೆಕ್ಕ ಹಾಕಿ, ಅದರಲ್ಲಿ ಅರ್ಧ ಹೋಗೋಕೆ ಅರ್ಧ ಬರೋಕೆ ಅಂತ ಹಿಡಿದು, ತನ್ನ ಗಡಿಯಾರ ಎಷ್ಟು ತಪ್ಪಿದೆ ಅಂತ ಕಂಡುಹಿಡಿಯುತ್ತೆ. ಹೋಗೋ ದಾರಿ ಒಂಥರಾ ಬರೋ ದಾರಿ ಒಂಥರಾ ಇದ್ರೆ ಸ್ವಲ್ಪ ತಪ್ಪಾಗುತ್ತೆ, ಆದ್ರೂ ಮಾಮೂಲಿ ಇಂಟರ್ನೆಟ್ ಮೇಲೇ ಸೆಕೆಂಡಿನ ನೂರರಲ್ಲಿ ಕೆಲವು ಪಾಲಿನಷ್ಟು ಹತ್ತಿರಕ್ಕೆ ಬರುತ್ತೆ. ಟಿಕೆಟ್ ಬುಕ್ ಮಾಡೋಕೆ ಇಷ್ಟು ಬೇಕಾದಷ್ಟಾಯ್ತು.

ಹಾಗಾದ್ರೆ ನಿಮ್ಮ ಪೇಜಲ್ಲಿ ಇದೇ ಕೆಲಸ ಮಾಡೋಕೆ ಏನು ಕಷ್ಟ? ಪೇಜ್ ಲೋಡ್ ಆದಾಗ ಒಂದು ಸಲ, ಆಮೇಲೆ ನಿಮಿಷಕ್ಕೊಂದು ಸಲ ನಿಮ್ಮ ಸರ್ವರಿಗೆ ಟೈಮ್ ಕೇಳಿ, ಬಂದ ಟೈಮಿಗೆ ಹೋಗಿಬಂದ ಹೊತ್ತಿನ ಅರ್ಧ ಕೂಡಿಸಿ, ಅದಕ್ಕೂ ನಮ್ಮ ಗಡಿಯಾರಕ್ಕೂ ಇರೋ ವ್ಯತ್ಯಾಸ ಸೇರಿಸಿ ಕೌಂಟ್‌ಡೌನ್ ಓಡಿಸೋದು. ಹತ್ತಿಪ್ಪತ್ತು ಸಾಲಿನ ಕೋಡು. ಹಾಗೆ ನೋಡಿದ್ರೆ ನಿಮ್ಮ ಸರ್ವರ್ ಕಳಿಸೋ ಪ್ರತಿ ಉತ್ತರದ ತಲೆ ಮೇಲೂ ಡೇಟ್ ಅಂತ ಒಂದು ಸಾಲು ಆಗಲೇ ಇರುತ್ತೆ, ಜಿಎಂಟಿ ಲೆಕ್ಕದಲ್ಲಿ, ಸೆಕೆಂಡಿನವರೆಗೆ. ಗೊತ್ತಿರೋರು ಅದನ್ನ ಇಣುಕಿ ನೋಡಿ ನಿಮ್ಮ ಟೈಮ್ ತಿಳ್ಕೊಳ್ತಾರೆ. ಒಂದು ಸೈಟಿನ ಅಡ್ರೆಸ್ ಕೊಟ್ರೆ ಅದರ ಸರ್ವರ್ ಟೈಮ್ ಎಷ್ಟು ಅಂತ ತೋರಿಸೋ ಪೇಜುಗಳೂ ಇವೆ, ಅವೂ ಇದನ್ನೇ ಓದೋದು. ಆದ್ರೆ ಅದರಲ್ಲಿ ಸೆಕೆಂಡಿಗಿಂತ ಕೆಳಗಿನ ಲೆಕ್ಕ ಇಲ್ಲ, ಮಧ್ಯದಲ್ಲಿ ಕ್ಯಾಶ್ ಸರ್ವರ್ (ಪೇಜಿನ ಪ್ರತಿ ಇಟ್ಕೊಂಡು ಕೊಡೋ ಬೇರೆ ಮಶೀನ್) ಏನಾದ್ರೂ ಕೂತಿದ್ರೆ ಆ ಟೈಮ್ ನಿಮ್ಮ ಬುಕಿಂಗ್ ಮಶೀನಿಂದೇ ಅಂತ ಗ್ಯಾರಂಟಿನೂ ಇಲ್ಲ. ನನಗೆ ಬೇಜಾರಾಗೋದು ಇಲ್ಲೇ. ಕಂಪ್ಯೂಟರ್ ಒಳಗುಟ್ಟು ಗೊತ್ತಿರೋನಿಗೆ ನಿಮ್ಮ ಗಡಿಯಾರ ಕಾಣುತ್ತೆ, ಗೊತ್ತಿಲ್ಲದೋನಿಗೆ ಕಾಣಲ್ಲ. ಸೀಟಿಗೆ ಇಬ್ರೂ ಒಂದೇ ಸಾಲಲ್ಲಿ ನಿಂತಿದ್ದಾರೆ ಅಂತ ನೀವು ಹೇಳ್ತೀರ, ಇಬ್ಬರೂ ಒಂದೇ ಸಾಲಲ್ಲಿ ಇಲ್ಲ.

ಕೌಂಟ್‌ಡೌನ್ ವಿಷಯ ಇನ್ನೊಂದಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ, ನಿಮ್ಮ ಪ್ರೋಗ್ರಾಮರ್ ಹುಡುಗರಿಗೆ ಖಂಡಿತ ಗೊತ್ತಿರುತ್ತೆ. ನಾವು ಪೇಜ್ ಓಪನ್ ಮಾಡಿಟ್ಟು ಬೇರೆ ಟ್ಯಾಬಿಗೆ ಹೋದ್ರೆ ಬ್ಯಾಟರಿ ಉಳಿಸೋಕೆ ಅಂತ ಬ್ರೌಸರ್ರು ಹಿಂದಿನ ಟ್ಯಾಬಿನ ಟೈಮರುಗಳನ್ನ ನಿಧಾನ ಮಾಡುತ್ತೆ. 2021ರಲ್ಲಿ ಬಂದ ಕ್ರೋಮ್ 88ರಿಂದ, ಐದು ನಿಮಿಷಕ್ಕಿಂತ ಜಾಸ್ತಿ ಹಿಂದೆ ಇರೋ ಟ್ಯಾಬಲ್ಲಿ ಕೆಲವು ಟೈಮರ್ ನಿಮಿಷಕ್ಕೆ ಒಂದೇ ಸಲ ಓಡೋ ಹಾಗಾಗಿದೆ. ನಿಮ್ಮ ಕೌಂಟ್‌ಡೌನ್ ಬರೀ ಸೆಕೆಂಡಿಗೊಂದು ಕಳೀತಾ ಹೋಗೋ ಥರ ಬರೆದಿದ್ರೆ, ವಾಪಸ್ ಬಂದು ನೋಡಿದಾಗ ಇನ್ನೂ ಎಷ್ಟೋ ನಿಮಿಷ ಬಾಕಿ ಅಂತ ತೋರಿಸ್ತಾ ಇರುತ್ತೆ, ಅಷ್ಟರಲ್ಲಿ ಸೇಲ್ ಮುಗಿದಿರುತ್ತೆ. ಟ್ಯಾಬ್ ಮುಂದೆ ಬಂದ ತಕ್ಷಣ ಮತ್ತೆ ಸರ್ವರ್ ಟೈಮ್ ಕೇಳ್ಕೊಳ್ಳೋ ಹಾಗೆ ಮಾಡಿ ಸಾಕು. ಮತ್ತೆ ಆ ಬಟನ್ನನ್ನ ನಮ್ಮ ಮಶೀನಿನ ಟೈಮ್ ನೋಡಿ ಮುಚ್ಚಬೇಡಿ, ದಯವಿಟ್ಟು. ಒತ್ತೋಕೆ ಬಿಡಿ, ಟೈಮ್ ಆಗಿಲ್ಲ ಅಂದ್ರೆ ಸರ್ವರ್ರೇ "ಇನ್ನೂ ಇಷ್ಟು ಸೆಕೆಂಡ್ ಇದೆ" ಅಂತ ಹೇಳ್ಲಿ.

ಓಪನ್ ಆಗೋದು ಒಂದು ಕಥೆ ಆದ್ರೆ ಕ್ಲೋಸ್ ಆಗೋದು ಇನ್ನೊಂದು ಕಥೆ. ಕೊನೇ ದಿನಾಂಕ 15, ರಾತ್ರಿ 12 ಗಂಟೆವರೆಗೆ ಅಂತ ಹಾಕ್ತೀರ. 15 ಶುರುವಾಗೋ 12 ಗಂಟೆನಾ, 15 ಮುಗಿಯೋ 12 ಗಂಟೆನಾ? ಒಂದಿಡೀ ದಿನದ ವ್ಯತ್ಯಾಸ! "15ನೇ ತಾರೀಖು 23:59:59ರವರೆಗೆ" ಅಂತ ಬರೆದ್ರೆ ಯಾರಿಗೂ ಗೊಂದಲ ಇಲ್ಲ. ಯಾವ ಟೈಮ್ ಜೋನ್ ಅಂತಾನೂ ಬರೀರಿ, ಅದರ ಪಕ್ಕ ಯುಟಿಸಿಯಲ್ಲಿ ಎಷ್ಟು ಅಂತಾನೂ ಬರೀರಿ. ದೂರ ದೇಶದಲ್ಲಿ ಕೂತು ಅರ್ಜಿ ಹಾಕೋರು ಇರ್ತಾರೆ, ಕೆಲವು ದೇಶಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಒಂದು ಗಂಟೆ ಮುಂದೆ ಹಿಂದೆ ಮಾಡ್ತಾರೆ, ಕೆಲವು ಕಡೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಲೆಕ್ಕದ ಜೋನ್‌ಗಳಿವೆ, ಅವರೆಲ್ಲ ಬೆರಳು ಮಡಚಿ ಎಣಿಸಿ ತಪ್ಪು ಮಾಡ್ತಾರೆ ಪಾಪ.

ಮುಗಿಯೋ ಹೊತ್ತಲ್ಲಿ ಯಾವ ಕ್ಷಣ ಲೆಕ್ಕ ಅನ್ನೋದನ್ನಂತೂ ಯಾರೂ ಹೇಳೋದೇ ಇಲ್ಲ. ನಾನು ಸಬ್ಮಿಟ್ ಒತ್ತಿದ ಕ್ಷಣನಾ, ಅದು ನಿಮ್ಮ ಸರ್ವರಿಗೆ ಮುಟ್ಟಿದ ಕ್ಷಣನಾ, ನಿಮ್ಮ ಡೇಟಾಬೇಸಲ್ಲಿ ಬರೆದ ಕ್ಷಣನಾ, ಇಲ್ಲಾ ಬ್ಯಾಂಕಿಗೆ ಹೋಗಿ ದುಡ್ಡು ಕಟ್ಟಿ ವಾಪಸ್ ಬಂದ ಕ್ಷಣನಾ? ದಾರಿ ದೂರ ಅಂತ ಮಾತ್ರ ಹೇಳ್ಬೇಡಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ, ಸಾವಿರ ಕಿಲೋಮೀಟರ್ ಅಂದ್ರೆ ಸೆಕೆಂಡಿನ ಸಾವಿರದಲ್ಲಿ 5 ಪಾಲು ಅಷ್ಟೇ. ಹೊತ್ತು ಹೋಗೋದು ದಾರಿಯಲ್ಲಿ ಅಲ್ಲ, ನಿಮ್ಮ ಬಾಗಿಲಲ್ಲಿ, ಜನ ಮುಗಿಬಿದ್ದಾಗ. ಒಬ್ಬ 20 ಸೆಕೆಂಡ್ ಮುಂಚೆ ಒತ್ತಿ, ಅದು ನಿಮ್ಮ ಬಾಗಿಲಿಗೂ ಬಂದು, ಒಳಗೆ ಕ್ಯೂನಲ್ಲಿ ಕಾದು, ಟೈಮ್ ಮುಗಿದ ಮೇಲೆ ಬರಹಕ್ಕೆ ಇಳಿದ್ರೆ ಅವನ ಅರ್ಜಿ ತಡ ಅಂತ ತಳ್ಳಿಹಾಕೋದು ನ್ಯಾಯನಾ ನೀವೇ ಹೇಳಿ. ನನ್ನ ಕೇಳಿದ್ರೆ ಬಾಗಿಲಿಗೆ ಮುಟ್ಟಿದ ಕ್ಷಣವನ್ನೇ ಲೆಕ್ಕಕ್ಕೆ ತಗೋಬೇಕು, ಅದನ್ನ ಸೆಕೆಂಡ್ ಸಮೇತ ಸ್ವೀಕೃತಿ ಪತ್ರದಲ್ಲಿ ಪ್ರಿಂಟ್ ಮಾಡಿ ಕೊಡಬೇಕು. ತಿರಸ್ಕಾರ ಮಾಡಿದ್ರೂ ಸರಿ, ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಬಂತು ಅಂತ ಬರೆದು ತಿರಸ್ಕಾರ ಮಾಡಿ, ಆಗ ಮನುಷ್ಯನಿಗೆ ಕನಿಷ್ಠ ತನ್ನ ತಪ್ಪು ಎಲ್ಲಿ ಅಂತ ಗೊತ್ತಾಗುತ್ತೆ.

ನಿಮ್ಮ ಮನೆ ಒಳಗಿಂದೂ ಒಂದು ಮಾತು. ದೊಡ್ಡ ಸೈಟು ಅಂದ್ರೆ ಒಂದೇ ಸರ್ವರ್ ಇರಲ್ಲ, ಹತ್ತು ಇಪ್ಪತ್ತು ಮಶೀನ್ ಸೇರಿ ಕೆಲಸ ಮಾಡ್ತಿರ್ತವೆ, ಒಂದೊಂದು ರಿಫ್ರೆಶಿಗೆ ಒಂದೊಂದು ಮಶೀನ್ ಉತ್ತರ ಕೊಡುತ್ತೆ. ಅವುಗಳ ಗಡಿಯಾರವೇ ಒಂದಕ್ಕೊಂದು ಹೊಂದದಿದ್ರೆ ಒಬ್ಬನಿಗೆ ಓಪನ್ ಆಗಿರುತ್ತೆ, ಪಕ್ಕದೋನಿಗೆ ಇಲ್ಲ, ಒಂದು ಸಲ ಓಪನ್ ಕಂಡಿದ್ದು ರಿಫ್ರೆಶ್ ಮಾಡಿದ್ರೆ ಮುಚ್ಚಿರುತ್ತೆ. ಜನ ಇದನ್ನ ಮೋಸ ಅಂತ ತಿಳ್ಕೊಳ್ತಾರೆ. ಮೋಸ ಅಲ್ದೇ ಇರಬಹುದು, ಆದ್ರೆ ಸೇಲಿನ ಹಿಂದಿನ ದಿನ ಎಲ್ಲಾ ಮಶೀನಿನ ಎನ್‌ಟಿಪಿ ಸರಿಯಾಗಿ ಓಡ್ತಿದೆಯಾ ಅಂತ ಒಬ್ಬರು ಕೂತು ನೋಡೋದು ನಿಮ್ಮ ಕರ್ತವ್ಯ ಅಲ್ವಾ?

ಕೆಲವು ಕಡೆ ಈಗ ವೇಟಿಂಗ್ ರೂಮ್ ಅಂತ ಮಾಡಿದ್ದಾರೆ, ಟೈಮಿಗೆ ಮುಂಚೆ ಬಂದೋರನ್ನೆಲ್ಲ ಒಂದು ಕಡೆ ಕೂರಿಸಿ, ಓಪನ್ ಆದಾಗ ಅವರಿಗೆ ಚೀಟಿ ಎತ್ತಿದ ಹಾಗೆ ನಂಬರ್ ಕೊಡ್ತಾರೆ. ನನಗೆ ಇದು ಸರಿ ಅನ್ಸುತ್ತೆ. ಅರ್ಧ ಸೆಕೆಂಡ್ ಬೇಗ ಒತ್ತಿದೋನಿಗೆ ಸೀಟು ಅನ್ನೋದಕ್ಕಿಂತ, ಹತ್ತು ನಿಮಿಷದೊಳಗೆ ಬಂದೋರೆಲ್ಲ ಸಮ ಅನ್ನೋದು ಎಷ್ಟೋ ವಾಸಿ, ವಯಸ್ಸಾದೋರಿಗೆ, ನಿಧಾನ ನೆಟ್ ಇರೋರಿಗೆ, ಕೈ ನಡುಗೋರಿಗೆ ಎಲ್ಲರಿಗೂ. ಹಾಗೆ ಮಾಡೋದಾದ್ರೆ ಅದನ್ನ ಮೊದಲೇ ಸ್ಪಷ್ಟವಾಗಿ ಹೇಳಿ, ಜನ ಸುಮ್ನೆ ಸೆಕೆಂಡ್ ಮುಳ್ಳು ನೋಡ್ಕೊಂಡು ಎದೆ ಬಡ್ಕೊಳ್ಳೋದು ತಪ್ಪುತ್ತೆ, ನಿಮ್ಮ ಸರ್ವರ್ ಮೇಲೆ ರಿಫ್ರೆಶ್ ಒತ್ತಡನೂ ಕಮ್ಮಿ ಆಗುತ್ತೆ.

ಇದನ್ನ ಓದ್ತಿರೋ ನನ್ನಂಥವರಿಗೂ ಒಂದೆರಡು ಮಾತು ಹೇಳ್ಬಿಡ್ತೀನಿ, ಯಾಕಂದ್ರೆ ಅವರು ಸರಿಮಾಡೋವರೆಗೂ ನಾವು ಕಾಯ್ತಾ ಕೂರೋಕಾಗಲ್ಲ. ಹಿಂದಿನ ರಾತ್ರಿನೇ ಸೆಟ್ಟಿಂಗಿಗೆ ಹೋಗಿ ಟೈಮ್ ಆಟೋಮ್ಯಾಟಿಕ್ ಇದೆಯಾ ನೋಡಿ, ವಿಂಡೋಸ್ 10, 11ರಲ್ಲಿ ಅಲ್ಲೇ ಸಿಂಕ್ ನೌ ಅನ್ನೋ ಬಟನ್ ಇದೆ, ಒತ್ತಿ. ಆಮೇಲೆ ಟೈಮ್ ಡಾಟ್ ಈಸ್ ಇಲ್ಲಾ ಅಮೆರಿಕದ ಸರ್ಕಾರಿ ಟೈಮ್ ಡಾಟ್ ಗವ್ ಓಪನ್ ಮಾಡಿ ವ್ಯತ್ಯಾಸ ಎಷ್ಟಿದೆ ನೋಡ್ಕೊಳ್ಳಿ, ಬೆಳಿಗ್ಗೆ ಇನ್ನೊಂದ್ಸಲ ನೋಡಿ. ಟಿವಿ ಮೂಲೇಲಿ ಬರೋ ಟೈಮು, ಲೈವ್ ವಿಡಿಯೋದಲ್ಲಿ ಕಾಣೋ ಗಡಿಯಾರ ನಂಬಬೇಡಿ, ಅವು ನಮ್ಮ ಹತ್ರ ಬರೋ ಹೊತ್ತಿಗೆ ಕೆಲವು ಸೆಕೆಂಡ್ ಹಳೇದಾಗಿರ್ತವೆ. ಲಾಗಿನ್ನಿಗೆ ಆಥೆಂಟಿಕೇಟರ್ ಆ್ಯಪಿನ ಕೋಡ್ ಕೇಳೋ ಸೈಟಾದ್ರೆ ಫೋನಿನ ಟೈಮೂ ಸರಿ ಇರ್ಬೇಕು, ಆ ಕೋಡು ಸಾಮಾನ್ಯವಾಗಿ 30 ಸೆಕೆಂಡಿಗೊಂದು ಸಲ ಟೈಮ್ ಮೇಲೇ ಲೆಕ್ಕ ಹಾಕಿ ಬದಲಾಗೋದು, ಫೋನ್ ಒಂದೆರಡು ನಿಮಿಷ ತಪ್ಪಿದ್ರೆ ಸರಿಯಾದ ಕೋಡ್ ಹಾಕಿದ್ರೂ ತಪ್ಪು ಅನ್ನುತ್ತೆ. ಪೇಜಿನ ಟ್ಯಾಬ್ ಮುಂದೇನೇ ಇರ್ಲಿ. ಫೋನು, ಲ್ಯಾಪ್‌ಟಾಪು ಬೇರೆ ಬೇರೆ ಟೈಮ್ ತೋರಿಸಿದ್ರೆ ಮುಂದಿರೋದನ್ನೇ ನಂಬಿ ಒಂದ್ಸಲ ರಿಫ್ರೆಶ್ ಮಾಡಿ. ನಾನು ಆವತ್ತು ತಂಗಿ ಮಾತು ಕೇಳಿ ಫೋನಲ್ಲೇ ಒಂದ್ಸಲ ಆ ಪೇಜ್ ತೆಗೆದಿದ್ರೆ ಸಾಕಿತ್ತು.

ನಿಮ್ಮನ್ನ ಕೇಳ್ತಿರೋದು ದೊಡ್ಡ ವಿಷಯ ಏನಲ್ಲ. ಪೇಜಿನ ಮೇಲ್ಗಡೆ "ನಮ್ಮ ಸರ್ವರ್ ಸಮಯ" ಅಂತ ಒಂದು ಸಾಲು, ಸೆಕೆಂಡ್ ಓಡ್ತಾ ಇರೋ ಹಾಗೆ. ಅದರ ಕೆಳಗೆ ಸಣ್ಣಕ್ಷರದಲ್ಲಿ "ನಿಮ್ಮ ಗಡಿಯಾರ 43 ಸೆಕೆಂಡ್ ಹಿಂದಿದೆ" ಅಂತ ಇನ್ನೊಂದು ಸಾಲು. ಆವತ್ತು ಈ ಎರಡನೇ ಸಾಲು ಕಂಡಿದ್ರೆ ನಾನು ತಂಗಿಗೆ ಸುಮ್ನಿರು ಅಂತ ಹೇಳ್ತಿರ್ಲಿಲ್ಲ. ಅವಳು ಒಂದು ವರ್ಷ ಕಾದಿದ್ದಾಳೆ, ಅದೇ ಕೋರ್ಸು ಮತ್ತೆ ಓಪನ್ ಆಗ್ತಿದೆ, ಈ ಸಲಾನೂ ಬೆಳಿಗ್ಗೆ 10ಕ್ಕೇ. ಮೊನ್ನೆ ಪೇಜ್ ತೆಗೆದು ನೋಡಿದೆ, ಬೇಕಂತಲೇ ಲ್ಯಾಪ್‌ಟಾಪ್ ಟೈಮನ್ನ ಐದು ನಿಮಿಷ ಹಿಂದೆ ಇಟ್ಟು ನೋಡಿದೆ. ಕೌಂಟ್‌ಡೌನೂ ಐದು ನಿಮಿಷ ಹಿಂದೆ ಹೋಯ್ತು.

ಇಂತಿ,
ಮನೆಯವರ ಫಾರಂ ತುಂಬೋ ಒಬ್ಬ ಅಣ್ಣ